ಮೊದಲು ಮಾನಿಟರ್, ಆಮೇಲೆ ಮಿಕ್ಕಿದ್ದು: ಗೇಮಿಂಗ್ ಪಿಸಿ ಪ್ರಶ್ನೋತ್ತರ

ಗೇಮ್ ಆಡಲೆಂದೇ ಬಿಡಿಭಾಗ ಆರಿಸಿ ಕಂಪ್ಯೂಟರ್ ಕಟ್ಟಿಕೊಳ್ಳುವ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಒಂದೇ ವಿಷಯದ ಹಲವು ಪತ್ರಗಳನ್ನು ಕೂಡಿಸಿ ಒಂದು ಪ್ರಶ್ನೆ ಮಾಡಿಕೊಂಡಿದ್ದೇವೆ.

ಪ್ರಶ್ನೆ: ಮೊದಲ ಬಾರಿಗೆ ಗೇಮಿಂಗ್ ಪಿಸಿ ಅಸೆಂಬಲ್ ಮಾಡಿಸಬೇಕೆಂದಿದ್ದೇನೆ. ಮೊದಲು ಪ್ರೊಸೆಸರ್ ಆರಿಸು ಅಂತ ಒಬ್ಬರು, ಗ್ರಾಫಿಕ್ಸ್ ಕಾರ್ಡ್ ಆರಿಸು ಅಂತ ಇನ್ನೊಬ್ಬರು ಹೇಳುತ್ತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮಾನಿಟರ್‌ನಿಂದ ಶುರು ಮಾಡಿ. ಗ್ರಾಫಿಕ್ಸ್ ಕಾರ್ಡ್ ಎಷ್ಟು ದುಡಿಯಬೇಕು ಅನ್ನುವುದನ್ನು ತೀರ್ಮಾನಿಸುವುದು ಪರದೆ. 1920×1080 (1080ಪಿ) ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿವೆ. 2560×1440 (1440ಪಿ) ಪರದೆಯಲ್ಲಿ 36.9 ಲಕ್ಷ, 4ಕೆ (3840×2160) ಪರದೆಯಲ್ಲಿ 82.9 ಲಕ್ಷ. 1080ಪಿಯಲ್ಲಿ ಸಲೀಸಾಗಿ ಓಡುವ ಕಾರ್ಡನ್ನೇ 4ಕೆ ಪರದೆಗೆ ಜೋಡಿಸಿದರೆ ಪ್ರತಿ ಫ್ರೇಮಿಗೂ, ಅಂದರೆ ಪರದೆಯ ಒಂದೊಂದು ಚಿತ್ರಕ್ಕೂ, ಅದು ನಾಲ್ಕು ಪಟ್ಟು ಪಿಕ್ಸೆಲ್ ತುಂಬಬೇಕು. ಇದರ ಜೊತೆಗೆ ವೇಗದ ಲೆಕ್ಕ ಬೇರೆ. ಸೆಕೆಂಡಿಗೆ 60 ಫ್ರೇಮ್ ಸಾಕು ಅಂದರೆ ಒಂದೊಂದಕ್ಕೆ 16.7 ಮಿಲಿಸೆಕೆಂಡ್ ಸಿಗುತ್ತದೆ. 144 ಬೇಕು ಅಂದರೆ 6.9 ಮಿಲಿಸೆಕೆಂಡಿನಲ್ಲೇ ಎಲ್ಲ ಮುಗಿಯಬೇಕು.

ಪ್ರೊಸೆಸರ್ ಮಾಡುವ ಕೆಲಸ ಬೇರೆ ಜಾತಿಯದು. ಯಾರು ಎಲ್ಲಿದ್ದಾರೆ, ಗುಂಡು ಯಾರಿಗೆ ತಗುಲಿತು, ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಅಂತ ಲೆಕ್ಕ ಹಾಕಿ, ಏನು ಬಿಡಿಸಬೇಕು ಅಂತ ಕಾರ್ಡಿಗೆ ಹೇಳುತ್ತದೆ. ಪರದೆಯ ಪಿಕ್ಸೆಲ್ ಹೆಚ್ಚಾದರೂ ಈ ಲೆಕ್ಕ ಹೆಚ್ಚೇನೂ ಬದಲಾಗುವುದಿಲ್ಲ, ಫ್ರೇಮಿನ ಸಂಖ್ಯೆ ಏರಿದರೆ ಮಾತ್ರ ಏರುತ್ತದೆ. ಹಾಗಾಗಿ ವ್ಯಾಲರೆಂಟ್, ಕೌಂಟರ್-ಸ್ಟ್ರೈಕ್ 2ರಂಥ ಆಟಗಳನ್ನು 1080ಪಿಯಲ್ಲಿ 240 ಹರ್ಟ್ಸ್ (ಸೆಕೆಂಡಿಗೆ 240 ಚಿತ್ರ ತೋರಿಸುವ) ಮಾನಿಟರ್‌ನಲ್ಲಿ ಆಡುವವರು ಪ್ರೊಸೆಸರ್‌ಗೆ ಹೆಚ್ಚು ಹಣ ಇಡಬೇಕು. ಸೈಬರ್‌ಪಂಕ್ 2077ರಂಥ ಭಾರದ ಆಟವನ್ನು 1440ಪಿ ಅಥವಾ 4ಕೆಯಲ್ಲಿ ಆಡುವವರು ಕಾರ್ಡಿಗೆ ಇಡಬೇಕು. ಎರಡೂ ಬಗೆ ಆಡುತ್ತೀರಾದರೆ ಭಾರದ ಆಟವನ್ನೇ ಲೆಕ್ಕಕ್ಕೆ ಹಿಡಿಯಿರಿ. ಅದಕ್ಕೆ ಸಾಲುವ ಕಾರ್ಡ್ ಹಗುರ ಆಟಕ್ಕೆ ಧಾರಾಳವಾಗಿ ಸಾಲುತ್ತದೆ.

ಮಾನಿಟರ್ ಬಿಟ್ಟು ಉಳಿದ ಹಣದಲ್ಲಿ ಕಾರ್ಡಿಗೆ ಶೇ. 35ರಿಂದ 45, ಪ್ರೊಸೆಸರ್‌ಗೆ ಶೇ. 15ರಿಂದ 20 ಎತ್ತಿಡುವುದು ಬಹುತೇಕರಿಗೆ ಸರಿಹೋಗುತ್ತದೆ. ನಾವು ಪದೇ ಪದೇ ನೋಡುವ ತಪ್ಪೆಂದರೆ ಕೋರ್ ಐ7 ಅಥವಾ ಐ9 ಅನ್ನುವ ಹೆಸರಿಗೆ ಮರುಳಾಗಿ ಅರ್ಧ ಹಣವನ್ನು ಅಲ್ಲೇ ಸುರಿದು, ಕೊನೆಗೆ ಉಳಿದಷ್ಟರಲ್ಲಿ ಆರ್‌ಟಿಎಕ್ಸ್ 3050 ಹಾಕಿಸಿಕೊಳ್ಳುವುದು. ಅದೇ ಹಣಕ್ಕೆ ಕೋರ್ ಐ5 12400ಎಫ್ ಅಥವಾ ರೈಜೆನ್ 5 7600ರಂಥ ಆರು ಕೋರಿನ ಪ್ರೊಸೆಸರ್ ಇಟ್ಟು, ಕಾರ್ಡನ್ನು ಎರಡು ಮೆಟ್ಟಿಲು ಮೇಲೆ ಏರಿಸಿದರೆ ಆಟದ ಅನುಭವವೇ ಬದಲಾಗುತ್ತದೆ.

ಆರಿಸುವ ಕ್ರಮ ಹೀಗಿರಲಿ: ಮಾನಿಟರ್, ಕಾರ್ಡ್, ಪ್ರೊಸೆಸರ್, ಅದಕ್ಕೆ ಹೊಂದುವ ಮದರ್‌ಬೋರ್ಡ್ ಮತ್ತು ರ‍್ಯಾಮ್, ಇವೆಲ್ಲದರ ವ್ಯಾಟ್ ಕೂಡಿಸಿ ಎಸ್‌ಎಂಪಿಎಸ್ (ಭಾಗಗಳಿಗೆ ವಿದ್ಯುತ್ ಹಂಚುವ ಪೆಟ್ಟಿಗೆ), ಇವೆಲ್ಲದರ ಅಳತೆ ನೋಡಿ ಕ್ಯಾಬಿನೆಟ್.

ಪ್ರಶ್ನೆ: 8 ಜಿಬಿ ಮೆಮೊರಿಯ ಗ್ರಾಫಿಕ್ಸ್ ಕಾರ್ಡ್ ಇನ್ನೂ ಸಾಕೇ? 16 ಜಿಬಿ ಅಂತ ಹೇಳುವುದು ಬರೀ ಪ್ರಚಾರವೇ?

ಉತ್ತರ: ಪ್ರಚಾರವಲ್ಲ. 1080ಪಿಯಲ್ಲಿ ಮಧ್ಯಮ ಸೆಟ್ಟಿಂಗ್‌ಗೆ, ಸ್ಪರ್ಧಾತ್ಮಕ ಆಟಗಳಿಗೆ 8 ಜಿಬಿ ಇವತ್ತಿಗೂ ನಡೆಯುತ್ತದೆ. ಹೊಸ ದೊಡ್ಡ ಆಟಗಳಲ್ಲಿ ಟೆಕ್ಸ್ಚರನ್ನು (ವಸ್ತುಗಳ ಮೇಲ್ಮೈ ಚಿತ್ರ) ಅತ್ಯುನ್ನತ ಮಟ್ಟಕ್ಕೆ ಏರಿಸಿದಾಗ, ರೇ ಟ್ರೇಸಿಂಗ್ (ಬೆಳಕಿನ ಹಾದಿಯನ್ನು ಲೆಕ್ಕ ಹಾಕುವುದು) ಹಾಕಿದಾಗ ಅದು ತುಂಬಿಹೋಗುತ್ತದೆ. ಹಿಡಿಸದ ದತ್ತಾಂಶವನ್ನು ಕಾರ್ಡ್ ಆಗ ತನ್ನನ್ನು ಬೋರ್ಡಿಗೆ ಜೋಡಿಸುವ ಪಿಸಿಐಇ ದಾರಿಯಲ್ಲಿ ಕಂಪ್ಯೂಟರಿನ ರ‍್ಯಾಮ್‌ನಿಂದ ಎಳೆದು ತರಬೇಕು. ಆ ದಾರಿ ಕಾರ್ಡಿನ ಸ್ವಂತ ಮೆಮೊರಿಗಿಂತ ಎಷ್ಟೋ ಪಟ್ಟು ನಿಧಾನ. ಸರಾಸರಿ ಫ್ರೇಮ್ ಸಂಖ್ಯೆ ಚೆನ್ನಾಗಿಯೇ ಕಂಡರೂ ಹೊಸ ಕೋಣೆಗೆ ಕಾಲಿಟ್ಟ ಕೂಡಲೇ ಪರದೆ ಗಕ್ಕನೆ ನಿಂತು ಮುಂದೆ ಹೋಗುತ್ತದೆ. ಕೆಲವು ಆಟಗಳು ನಿಲ್ಲುವ ಬದಲು ಗೋಡೆ, ಮುಖಗಳನ್ನು ಮಸುಕಾಗಿ ತೋರಿಸಿ ಸುಮ್ಮನಾಗುತ್ತವೆ.

ಇಲ್ಲಿ ಇನ್ನೊಂದು ವಿಷಯ ಸೇರಿಕೊಂಡಿದೆ. ಆರ್‌ಟಿಎಕ್ಸ್ 4060ಕ್ಕೆ ಇರುವುದು ಪಿಸಿಐಇ 4.0ರ 8 ಲೇನ್ (ದತ್ತಾಂಶ ಓಡುವ ಸಾಲು) ಮಾತ್ರ. ಪಿಸಿಐಇ 3.0 ಇರುವ ಹಳೆಯ ಬೋರ್ಡಿಗೆ ಅದನ್ನು ಹಾಕಿದರೆ ಈ ದಾರಿ ಅರ್ಧಕ್ಕೆ ಇಳಿಯುತ್ತದೆ. ಮೆಮೊರಿ ಸಾಕಾಗುವವರೆಗೆ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ, ಮೆಮೊರಿ ತುಂಬಿದ ಮೇಲೆ ಚೆನ್ನಾಗಿಯೇ ತಿಳಿಯುತ್ತದೆ. ಹಳೆಯ ಬೋರ್ಡ್ ಇಟ್ಟುಕೊಂಡು ಕಾರ್ಡ್ ಮಾತ್ರ ಬದಲಿಸುವವರು ಈ ಲೇನ್ ಸಂಖ್ಯೆಯನ್ನು ನೋಡಲೇಬೇಕು.

1440ಪಿ ಮಾನಿಟರ್ ಇದ್ದರೆ 12 ಜಿಬಿಗಿಂತ ಕೆಳಗೆ ಇಳಿಯಬೇಡಿ. ನಾಲ್ಕೈದು ವರ್ಷ ಇಟ್ಟುಕೊಳ್ಳುವ ಯೋಚನೆಯಿದ್ದರೆ ಆರ್‌ಎಕ್ಸ್ 9060 ಎಕ್ಸ್‌ಟಿ ಅಥವಾ ಆರ್‌ಟಿಎಕ್ಸ್ 5060 ಟಿಐನ 16 ಜಿಬಿ ಮಾದರಿಯನ್ನೇ ಕೇಳಿ ಪಡೆಯಿರಿ. ಈ ಎರಡೂ ಕಾರ್ಡ್ 8 ಜಿಬಿಯಲ್ಲೂ ಬರುತ್ತವೆ, ಹೆಸರು ಮಾತ್ರ ಅದೇ. ಪೆಟ್ಟಿಗೆಯ ಮೇಲಿನ ಅಂಕಿಯನ್ನು ಕಣ್ಣಾರೆ ನೋಡಿದ ಮೇಲೆ ಹಣ ಕೊಡಿ.

ಪ್ರಶ್ನೆ: ನನ್ನ ಬಳಿ ಡಿಡಿಆರ್4 ರ‍್ಯಾಮ್ 32 ಜಿಬಿ ಇದೆ. ಬಿ650 ಮದರ್‌ಬೋರ್ಡ್ ಕೊಂಡು ಅದರಲ್ಲೇ ಬಳಸಬಹುದೇ?

ಉತ್ತರ: ಆಗುವುದಿಲ್ಲ. ಬಿ650 ಬೋರ್ಡಿನ ಎಎಂ5 ಸಾಕೆಟ್ (ಎಎಂಡಿ ಪ್ರೊಸೆಸರ್ ಕೂರುವ ಜಾಗ) ಹೊಸ ತಲೆಮಾರಿನ ಡಿಡಿಆರ್5 ರ‍್ಯಾಮಿಗೆ ಮಾತ್ರ. ಎರಡು ಬಗೆಯ ಪಟ್ಟಿಯಲ್ಲೂ 288 ಪಿನ್ ಇದ್ದರೂ ನಡುವಿನ ಕಚ್ಚು ಬೇರೆ ಬೇರೆ ಜಾಗದಲ್ಲಿದೆ, ಬಲವಂತ ಮಾಡಿದರೆ ಸ್ಲಾಟ್ ಒಡೆಯುತ್ತದೆ. ಇರುವ ರ‍್ಯಾಮ್ ಉಳಿಸಿಕೊಳ್ಳಬೇಕೆಂದರೆ ಎಎಂಡಿಯ ಹಿಂದಿನ ಎಎಂ4 ಸಾಕೆಟ್ಟಿನ ಬೋರ್ಡ್, ಇಲ್ಲವೇ ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್ಟಿನ ಬೋರ್ಡುಗಳಲ್ಲಿ ಡಿಡಿಆರ್4 ಅಂತ ಹೆಸರಿನಲ್ಲೇ ಬರೆದಿರುವುದು ಬೇಕು. ಮುಂದೆ ಪ್ರೊಸೆಸರ್ ಮಾತ್ರ ಬದಲಿಸುವ ದಾರಿ ತೆರೆದಿರಲಿ ಅನ್ನುವವರಿಗೆ ಎಎಂ5 ಉತ್ತಮ. 2027ರವರೆಗೂ ಅದರಾಚೆಗೂ ಈ ಸಾಕೆಟ್ಟನ್ನು ಮುಂದುವರಿಸುವುದಾಗಿ ಎಎಂಡಿ ಹೇಳಿದೆ.

ಪ್ರಶ್ನೆ: ಹೊಸದಾಗಿ ಡಿಡಿಆರ್5 ಕೊಳ್ಳುವಾಗ ಏನು ನೋಡಬೇಕು? 16 ಜಿಬಿಯ ಎರಡು ಪಟ್ಟಿ ಈಗ ಕೊಂಡು, ಮುಂದೆ ಇನ್ನೆರಡು ಸೇರಿಸಬಹುದಲ್ಲವೇ?

ಉತ್ತರ: ಮುಂದೆ ಎರಡು ಸೇರಿಸುವ ಯೋಜನೆ ಡಿಡಿಆರ್4 ಕಾಲದಲ್ಲಿ ನಡೆಯುತ್ತಿತ್ತು, ಈಗ ಅದನ್ನು ಕೈಬಿಡಿ. ರೈಜೆನ್ 7000 ಸರಣಿಗೆ ಎಎಂಡಿ ಕೊಟ್ಟಿರುವ ಅಧಿಕೃತ ಮಿತಿ ನೋಡಿ: ಎರಡು ಪಟ್ಟಿ ಹಾಕಿದರೆ ವೇಗ 5200, ನಾಲ್ಕು ಹಾಕಿದರೆ 3600. ನಾಲ್ಕರಲ್ಲಿ 6000 ವೇಗಕ್ಕೆ ಏರಿಸಲು ಹೋದರೆ ಎಷ್ಟೋ ಬೋರ್ಡುಗಳು ಬೂಟ್ ಆಗುವುದೇ ಇಲ್ಲ, ಬೂಟ್ ಆದರೂ ಆಟದ ನಡುವೆ ಕ್ರ್ಯಾಶ್ ಆಗುತ್ತವೆ. ಎಷ್ಟು ಬೇಕೋ ಅಷ್ಟನ್ನು ಎರಡೇ ಪಟ್ಟಿಯಲ್ಲಿ, ಒಂದೇ ಪೆಟ್ಟಿಗೆಯಲ್ಲಿ ಕೊಳ್ಳಿ. ಆಟಕ್ಕೆ 32 ಜಿಬಿ ಸಾಕು.

ವೇಗದ ಅಂಕಿಯೊಂದನ್ನೇ ನೋಡಬೇಡಿ, ಪಕ್ಕದ ಸಿಎಲ್ ಅಂಕಿಯನ್ನೂ (ಉತ್ತರಕ್ಕೆ ಮುನ್ನ ರ‍್ಯಾಮ್ ಕಾಯಿಸುವ ಸುತ್ತುಗಳ ಸಂಖ್ಯೆ) ನೋಡಿ. ಸಿಎಲ್ ಅನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ಪ್ರತಿಕ್ರಿಯೆಯ ಸಮಯ ನ್ಯಾನೋಸೆಕೆಂಡಿನಲ್ಲಿ ಸಿಗುತ್ತದೆ. 6000 ವೇಗ, ಸಿಎಲ್30 ಆದರೆ 10. ಅದೇ ವೇಗ, ಸಿಎಲ್40 ಆದರೆ 13.3. ರೈಜೆನ್‌ಗೆ 6000 ಸಿಎಲ್30 ಒಳ್ಳೆಯ ಜೋಡಿ.

ಕೂರಿಸುವಾಗ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಹಾಕಿ. ಒಂದು ಮತ್ತು ಎರಡಕ್ಕೆ ಹಾಕಿದರೆ ಎರಡೂ ಒಂದೇ ಚಾನೆಲ್‌ನಲ್ಲಿ ಕೂತು ಬ್ಯಾಂಡ್‌ವಿಡ್ತ್ ಅರ್ಧವಾಗುತ್ತದೆ. ಆಮೇಲೆ ಬಯಾಸ್‌ಗೆ (ಬೋರ್ಡಿನ ಮೂಲ ತಂತ್ರಾಂಶ) ಹೋಗಿ, ರ‍್ಯಾಮನ್ನು ಅದರ ಪೂರ್ತಿ ವೇಗಕ್ಕೆ ಏರಿಸುವ ಎಕ್ಸ್‌ಪೋ ಅಥವಾ ಎಕ್ಸ್‌ಎಂಪಿ ಆನ್ ಮಾಡಬೇಕು. ಈ ಒಂದು ಸ್ವಿಚ್ ಒತ್ತದೆ 6000ದ ರ‍್ಯಾಮನ್ನು 4800ರಲ್ಲೇ ವರ್ಷಗಟ್ಟಲೆ ಓಡಿಸಿದವರು ಬಹಳ ಮಂದಿ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಮೇಲೆ ಒತ್ತಿದರೆ ಈಗಿನ ವೇಗ ಕಾಣಿಸುತ್ತದೆ. ಓದುತ್ತಿರುವಾಗಲೇ ಒಮ್ಮೆ ನೋಡಿಬಿಡಿ.

ಪ್ರಶ್ನೆ: ಪ್ರೊಸೆಸರ್ ಹೆಸರಿನ ಕೊನೆಯಲ್ಲಿ ಎಕ್ಸ್3ಡಿ, ಎಫ್, ಕೆ ಅಂತೆಲ್ಲ ಇರುತ್ತದೆ. ಹೆಚ್ಚು ಹಣ ಕೊಡಲು ಇವು ಯೋಗ್ಯವೇ?

ಉತ್ತರ: ಎಕ್ಸ್3ಡಿ ಯೋಗ್ಯ, ಕಾರ್ಡ್ ಒಳ್ಳೆಯದಿದ್ದರೆ. ಪ್ರೊಸೆಸರ್ ಚಿಪ್‌ಗೆ ಇನ್ನೊಂದು ಪದರ ಕ್ಯಾಶ್ (ಪ್ರೊಸೆಸರಿನ ಒಳಗಿನ ಅತಿವೇಗದ) ಮೆಮೊರಿಯನ್ನು ಜೋಡಿಸಿರುತ್ತಾರೆ. ರೈಜೆನ್ 5 7600ರಲ್ಲಿ ಎಲ್3 ಕ್ಯಾಶ್ 32 ಎಂಬಿ, ರೈಜೆನ್ 7 7800ಎಕ್ಸ್3ಡಿಯಲ್ಲಿ 96 ಎಂಬಿ. ಆಟಕ್ಕೆ ಮತ್ತೆ ಮತ್ತೆ ಬೇಕಾಗುವ ಲೆಕ್ಕ ಅಲ್ಲೇ ಸಿಗುವುದರಿಂದ ರ‍್ಯಾಮ್‌ವರೆಗೆ ಓಡಾಡುವುದು ತಪ್ಪುತ್ತದೆ. ಸ್ಟ್ರಾಟೆಜಿ, ಸಿಮ್ಯುಲೇಶನ್, ನೂರಾರು ಜನ ಒಟ್ಟಿಗೆ ಆಡುವ ಆಟಗಳಲ್ಲಿ ಲಾಭ ಹೆಚ್ಚು. 4ಕೆಯಲ್ಲಿ 60 ಫ್ರೇಮ್ ಆಡುವವರಿಗೆ ವ್ಯತ್ಯಾಸ ಕಾಣುವುದೇ ಅಪರೂಪ. ಎಎಂ4 ಬೋರ್ಡ್ ಇರುವವರಿಗೂ ಈ ದಾರಿಯುಂಟು. 2022ರಲ್ಲಿ ಬಂದ 5800ಎಕ್ಸ್3ಡಿ, ಆಮೇಲಿನ 5700ಎಕ್ಸ್3ಡಿ ಹಳೆಯ ಬೋರ್ಡಿನಲ್ಲೇ ಕೂರುತ್ತವೆ. ಬಯಾಸ್ ಅಪ್‌ಡೇಟ್ ಮಾಡಿ, ಆಮೇಲೆ ಹಳೆಯ ಪ್ರೊಸೆಸರ್ ತೆಗೆಯಿರಿ, ಕ್ರಮ ತಪ್ಪಬಾರದು.

ಇಂಟೆಲ್‌ನ ಎಫ್ ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಕಾರ್ಡ್ ಹಾಕುವವರಿಗೆ ತೊಂದರೆಯಿಲ್ಲ, ಆದರೆ ಕಾರ್ಡ್ ಕೆಟ್ಟ ದಿನ ಪರದೆ ಕತ್ತಲು. ಕೆ ಅಂದರೆ ಓವರ್‌ಕ್ಲಾಕ್ (ನಿಗದಿಗಿಂತ ಹೆಚ್ಚಿನ ವೇಗಕ್ಕೆ ಏರಿಸುವುದು) ಮಾಡಬಹುದು, ಅದಕ್ಕೆ ಝಡ್ ಸರಣಿಯ ಬೋರ್ಡೂ ಬೇಕು. ಓವರ್‌ಕ್ಲಾಕ್ ಮಾಡದವರು ಆ ಹಣವನ್ನು ಕಾರ್ಡಿಗೆ ಸೇರಿಸಲಿ.

13 ಮತ್ತು 14ನೇ ತಲೆಮಾರಿನ ಕೆ ಸರಣಿಯ ಇಂಟೆಲ್ ಪ್ರೊಸೆಸರ್ ಕೊಳ್ಳುವವರಿಗೆ ಒಂದು ಮುಖ್ಯ ಮಾತು. ಇವುಗಳಲ್ಲಿ ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಹರಿದು ಚಿಪ್ ಕ್ರಮೇಣ ಹಾಳಾಗುವ ದೋಷವಿತ್ತು. 2024ರಲ್ಲಿ ಇಂಟೆಲ್ ಅದನ್ನು ಒಪ್ಪಿಕೊಂಡು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿ, 0ಎಕ್ಸ್12ಬಿ ಅನ್ನುವ ಮೈಕ್ರೋಕೋಡ್ (ಪ್ರೊಸೆಸರಿನ ಒಳಗಿನ ತಂತ್ರಾಂಶ) ಬಿಟ್ಟಿತು. ಅದಿರುವ ಬಯಾಸ್ ಹಾಕದೆ ಒಂದು ದಿನವೂ ಓಡಿಸಬೇಡಿ. ಈಗಾಗಲೇ ಹಾಳಾದ ಚಿಪ್ಪನ್ನು ಅಪ್‌ಡೇಟ್ ಸರಿಮಾಡುವುದಿಲ್ಲ. ಕಾರ್ಡಿನಲ್ಲಿ ಮೆಮೊರಿ ಧಾರಾಳವಾಗಿದ್ದರೂ ಆಟ ಶುರುವಾಗುವಾಗ ವಿಡಿಯೋ ಮೆಮೊರಿ ಸಾಲದು ಅಂತ ಎರರ್ ಬರುವುದು ಇದರ ಒಂದು ಲಕ್ಷಣ. ಅದನ್ನು ಕಂಡು ಕಾರ್ಡ್ ಬದಲಿಸಲು ಹೊರಡಬೇಡಿ.

ಪ್ರಶ್ನೆ: ಎಸ್‌ಎಂಪಿಎಸ್ ಎಷ್ಟು ವ್ಯಾಟಿನದು ಬೇಕು ಅಂತ ಲೆಕ್ಕ ಹಾಕುವುದು ಹೇಗೆ? ಅಲ್ಲಿ ಸ್ವಲ್ಪ ಹಣ ಉಳಿಸಿದರೆ ತಪ್ಪೇ?

ಉತ್ತರ: ಉಳಿಸಲು ಬೇರೆ ಜಾಗಗಳಿವೆ. ಆರ್‌ಜಿಬಿ ಫ್ಯಾನ್ ಬಿಡಿ, ಗಾಜಿನ ಕ್ಯಾಬಿನೆಟ್ ಬಿಡಿ, ಅಷ್ಟು ದುಬಾರಿಯಲ್ಲದ ಬೋರ್ಡ್ ಆರಿಸಿ. ಎಸ್‌ಎಂಪಿಎಸ್ ಕೆಟ್ಟರೆ ತಾನೊಂದೇ ಕೆಡುವುದಿಲ್ಲ. ಕ್ಯಾಬಿನೆಟ್ ಜೊತೆ ಬಿಟ್ಟಿಯಾಗಿ ಬರುವ, 12 ವೋಲ್ಟಿನಲ್ಲಿ ಎಷ್ಟು ಆಂಪಿಯರ್ ಅಂತ ಲೇಬಲ್ ಮೇಲೆ ಸರಿಯಾಗಿ ಬರೆಯದ ಪೆಟ್ಟಿಗೆಯನ್ನು ಗೇಮಿಂಗ್ ಕಾರ್ಡಿಗೆ ಜೋಡಿಸಲೇಬೇಡಿ.

ಲೆಕ್ಕ ಹೀಗೆ. ಆರ್‌ಟಿಎಕ್ಸ್ 5070 ಕಾರ್ಡಿಗೆ 250 ವ್ಯಾಟ್. ರೈಜೆನ್ 5 7600ಕ್ಕೆ 65 ವ್ಯಾಟ್ ಅಂತ ಬರೆದಿದ್ದರೂ ಪೂರ್ತಿ ದುಡಿದಾಗ 88ರವರೆಗೆ ಎಳೆಯುತ್ತದೆ. ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನುಗಳಿಗೆ 60 ಹಿಡಿಯಿರಿ. ಒಟ್ಟು ಸುಮಾರು 400. ಇದನ್ನು ಒಂದೂವರೆ ಪಟ್ಟು ಮಾಡಿದರೆ 600, ಸಿಗುವ ಅಳತೆಯಲ್ಲಿ 650. ಈ ಹೆಚ್ಚುವರಿ ಯಾಕೆಂದರೆ ಗ್ರಾಫಿಕ್ಸ್ ಕಾರ್ಡ್ ಒಂದೇ ಸಮನಾಗಿ ವಿದ್ಯುತ್ ಎಳೆಯುವುದಿಲ್ಲ. ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತು ತನ್ನ ಮಿತಿಯ ದುಪ್ಪಟ್ಟು ಎಳೆದು ಮತ್ತೆ ಇಳಿಯುವುದೂ ಉಂಟು. ಹಗುರ ಎಸ್‌ಎಂಪಿಎಸ್ ಅದನ್ನು ಶಾರ್ಟ್ ಅಂದುಕೊಂಡು ಪಕ್ಕನೆ ಆಫ್ ಆಗುತ್ತದೆ. ಆಟ ಬಿರುಸಾದಾಗ ಮಾತ್ರ ಇಡೀ ಕಂಪ್ಯೂಟರ್ ನೀಲಿ ಪರದೆಯನ್ನೂ ತೋರಿಸದೆ ಆರಿಹೋದರೆ ಮೊದಲ ಅನುಮಾನ ಅದರ ಮೇಲೆ. ಎಟಿಎಕ್ಸ್ 3.0 ಮತ್ತು 3.1 ಪ್ರಮಾಣದ ಎಸ್‌ಎಂಪಿಎಸ್‌ಗಳು ಇಂಥ ಜಿಗಿತ ತಡೆದುಕೊಳ್ಳುವಂತೆ ಮಾಡಿದವು.

80 ಪ್ಲಸ್ ಗೋಲ್ಡ್ ಅನ್ನುವ ದಕ್ಷತೆಯ ಚೀಟಿಯನ್ನು ಹಲವರು ತಪ್ಪಾಗಿ ತಿಳಿದಿದ್ದಾರೆ. 650 ವ್ಯಾಟ್ ಅಂದರೆ ಒಳಗಿನ ಭಾಗಗಳಿಗೆ ಕೊಡುವ ಶಕ್ತಿ. ಗೋಲ್ಡ್ ಆಗಿರಲಿ, ಬ್ರಾಂಜ್ ಆಗಿರಲಿ, ಕೊಡುವುದು 650ನ್ನೇ. ದಕ್ಷತೆ ಶೇ. 90 ಇದ್ದಲ್ಲಿ 400 ವ್ಯಾಟ್ ಕೊಡಲು ಗೋಡೆಯ ಪ್ಲಗ್‌ನಿಂದ 444 ವ್ಯಾಟ್ ಎಳೆಯುತ್ತದೆ, ಮಿಕ್ಕ 44 ಶಾಖವಾಗಿ ಹೋಗುತ್ತದೆ. ಆ ಚೀಟಿ ಹೇಳುವುದು ಇಷ್ಟನ್ನೇ, ಒಳಗಿನ ಗುಣಮಟ್ಟಕ್ಕೆ ಅದು ಸಾಕ್ಷಿಯಲ್ಲ. ವಾರಂಟಿ ಏಳು ಅಥವಾ ಹತ್ತು ವರ್ಷ ಕೊಟ್ಟಿದ್ದಾರೆಯೇ ನೋಡಿ, ಅದರಿಂದ ಹೆಚ್ಚು ತಿಳಿಯುತ್ತದೆ.

ಕೇಬಲ್ ವಿಷಯಕ್ಕೆ ಬರೋಣ. ಹಳೆಯ 8 ಪಿನ್ ಕನೆಕ್ಟರ್ 150 ವ್ಯಾಟಿನದು, ಸ್ಲಾಟಿನಿಂದ 75 ಸಿಗುತ್ತದೆ. ಕಾರ್ಡಿನಲ್ಲಿ ಎರಡು 8 ಪಿನ್ ಇದ್ದರೆ ಎಸ್‌ಎಂಪಿಎಸ್‌ನಿಂದ ಎರಡು ಪ್ರತ್ಯೇಕ ಕೇಬಲ್ ಎಳೆಯಿರಿ, ಒಂದೇ ಕೇಬಲ್ಲಿನ ಕವಲನ್ನು ಎರಡಕ್ಕೂ ಸಿಕ್ಕಿಸಬೇಡಿ. ಹೊಸ 16 ಪಿನ್ ಕನೆಕ್ಟರ್ 600 ವ್ಯಾಟ್‌ವರೆಗೆ ಹೊರುತ್ತದೆ, ಆದರೆ ಅರೆಬರೆ ಕೂತರೆ ಕರಗುತ್ತದೆ. ಒತ್ತಿದ ಮೇಲೆ ಟಾರ್ಚ್ ಹಿಡಿದು ಪಕ್ಕದಿಂದ ನೋಡಿ: ಕೇಬಲ್ಲಿನ ಪ್ಲಾಸ್ಟಿಕ್ ಅಂಚಿಗೂ ಕಾರ್ಡಿನ ಸಾಕೆಟ್ಟಿಗೂ ನಡುವೆ ಕೂದಲೆಳೆಯಷ್ಟೂ ಬೆಳಕು ಕಾಣಬಾರದು, ಮೇಲಿನ ಕೊಕ್ಕೆ ಗೂಟವನ್ನು ದಾಟಿ ಕೂತಿರಬೇಕು. ತಂತಿಯನ್ನು ಕನೆಕ್ಟರಿನ ಬುಡದಲ್ಲೇ ಬಗ್ಗಿಸದೆ ಮೂರೂವರೆ ಸೆಂಟಿಮೀಟರ್ ನೇರ ಬಿಟ್ಟು ತಿರುಗಿಸಿ. ಇದಕ್ಕೆ ಜಾಗ ಬೇಕೆಂಬುದನ್ನು ಕ್ಯಾಬಿನೆಟ್ ಆರಿಸುವಾಗಲೇ ನೆನಪಿಡಿ.

ಇನ್ನೊಂದು, ದಯವಿಟ್ಟು ಎರಡು ಸಲ ಓದಿ. ಮಾಡ್ಯುಲರ್ (ಕೇಬಲ್ ಬಿಚ್ಚಿ ಸಿಕ್ಕಿಸಬಹುದಾದ) ಎಸ್‌ಎಂಪಿಎಸ್ ಬದಲಿಸಿದಾಗ ಹಳೆಯದರ ಕೇಬಲ್ಲುಗಳನ್ನು ಹೊಸದಕ್ಕೆ ಸಿಕ್ಕಿಸಬಾರದು. ಬೋರ್ಡಿನ ಕಡೆಯ ತುದಿ ಎಲ್ಲರದೂ ಒಂದೇ, ಎಸ್‌ಎಂಪಿಎಸ್ ಕಡೆಯ ತುದಿಯಲ್ಲಿ ಯಾವ ಪಿನ್ನಿಗೆ ಯಾವ ವೋಲ್ಟೇಜ್ ಅನ್ನುವುದು ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. ಸಲೀಸಾಗಿ ಕೂರುತ್ತದೆ, ಸ್ವಿಚ್ ಒತ್ತಿದೊಡನೆ 5 ವೋಲ್ಟ್ ಹೋಗಬೇಕಾದ ಕಡೆ 12 ಹೋಗಿ ಎಸ್‌ಎಸ್‌ಡಿ, ಹಾರ್ಡ್ ಡಿಸ್ಕ್ ಸುಟ್ಟುಹೋಗುತ್ತವೆ.

ಪ್ರಶ್ನೆ: ಎಲ್ಲ ಜೋಡಿಸಿ ಸ್ವಿಚ್ ಒತ್ತಿದೆ. ಫ್ಯಾನ್ ತಿರುಗುತ್ತದೆ, ಪರದೆಯಲ್ಲಿ ಏನೂ ಬರುವುದಿಲ್ಲ. ಯಾವ ಭಾಗ ಕೆಟ್ಟಿದೆ?

ಉತ್ತರ: ಹೆಚ್ಚಿನ ಸಲ ಯಾವುದೂ ಕೆಟ್ಟಿರುವುದಿಲ್ಲ. ಡಿಡಿಆರ್5 ಬೋರ್ಡಾದರೆ ಮೊದಲ ಸಲ ಹತ್ತು ನಿಮಿಷ ಸುಮ್ಮನೆ ಕಾಯಿರಿ. ಬೋರ್ಡ್ ಆ ಹೊತ್ತಿನಲ್ಲಿ ರ‍್ಯಾಮಿಗೆ ಹೊಂದುವ ಸಮಯಗಳನ್ನು ಪರೀಕ್ಷಿಸುತ್ತಿರುತ್ತದೆ, ಪರದೆ ಕಪ್ಪಾಗಿಯೇ ಇರುತ್ತದೆ, ನಡುವೆ ತಾನೇ ಆಫ್ ಆಗಿ ಆನ್ ಆಗುವುದೂ ಉಂಟು. ಗಾಬರಿಯಾಗಿ ಕರೆಂಟ್ ತೆಗೆದರೆ ಮತ್ತೆ ಮೊದಲಿನಿಂದ ಶುರು.

ಅದಾದ ಮೇಲೂ ಬರದಿದ್ದರೆ ಬೋರ್ಡಿನ ಅಂಚಿನಲ್ಲಿ ನಾಲ್ಕು ಚಿಕ್ಕ ದೀಪ ಹುಡುಕಿ. ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಅಂತ ಪಕ್ಕದಲ್ಲಿ ಬರೆದಿರುತ್ತದೆ. ಯಾವುದು ಉರಿಯುತ್ತಾ ನಿಂತಿದೆಯೋ ಅಲ್ಲಿ ಕೆಲಸ ಸಿಕ್ಕಿಕೊಂಡಿದೆ.

ಡಿರ‍್ಯಾಮ್ ದೀಪವಾದರೆ ಒಂದೇ ಪಟ್ಟಿಯನ್ನು ಎರಡನೇ ಸ್ಲಾಟಿನಲ್ಲಿ ಹಾಕಿ ನೋಡಿ. ಎಷ್ಟೋ ಬೋರ್ಡುಗಳಲ್ಲಿ ಕೊಕ್ಕೆ ಒಂದು ತುದಿಗೆ ಮಾತ್ರ ಇರುತ್ತದೆ, ಇನ್ನೊಂದು ತುದಿ ಅಲುಗಾಡುವುದಿಲ್ಲ. ಕೊಕ್ಕೆಯ ಕಡೆ ಟಕ್ ಅಂತ ಸದ್ದು ಬಂದರೂ ಇನ್ನೊಂದು ತುದಿ ಅರ್ಧ ಮಿಲಿಮೀಟರ್ ಮೇಲೆ ನಿಂತಿರಬಹುದು. ಎರಡೂ ತುದಿಗೆ ಹೆಬ್ಬೆರಳಿಟ್ಟು ಒತ್ತಿ, ಬಂಗಾರ ಬಣ್ಣದ ಗೆರೆ ಉದ್ದಕ್ಕೂ ಮರೆಯಾಗಿದೆಯೇ ಅಂತ ಅಡ್ಡದಿಂದ ನೋಡಿ. ವಿಜಿಎ ದೀಪವಾದರೆ ಕಾರ್ಡಿನ ಪವರ್ ಕೇಬಲ್ ನೋಡಿ, ಕಾರ್ಡ್ ತೆಗೆದು ಮತ್ತೆ ಕೂರಿಸಿ. ಸಿಪಿಯು ದೀಪವಾದರೆ ಬೋರ್ಡಿನ ಮೇಲಿನ ಎಡಮೂಲೆಯ 8 ಪಿನ್ ಪವರ್ ಸಿಕ್ಕಿಸಿದ್ದೀರಾ ನೋಡಿ. ಮರೆತುಹೋಗುವುದು ಬಹಳವಾಗಿ ಅದೇ. ಸಿಕ್ಕಿಸಿದ್ದೂ ಉರಿಯುತ್ತಿದ್ದರೆ ಬಯಾಸ್ ಹಳೆಯದಿರಬಹುದು. ಹಿಂದೆಯೇ ತಯಾರಾಗಿ ಕೂತಿದ್ದ ಬಿ650 ಬೋರ್ಡಿಗೆ ರೈಜೆನ್ 9000 ಸರಣಿಯ ಪರಿಚಯವಿರುವುದಿಲ್ಲ. ಹಿಂಬದಿಯಲ್ಲಿ ಬಯಾಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇದ್ದರೆ ಪ್ರೊಸೆಸರ್ ಕೆಲಸ ಮಾಡದೆಯೂ ಅಪ್‌ಡೇಟ್ ಆಗುತ್ತದೆ: ಪೆನ್ ಡ್ರೈವನ್ನು ಫ್ಯಾಟ್32ಕ್ಕೆ ಫಾರ್ಮ್ಯಾಟ್ ಮಾಡಿ, ಮ್ಯಾನ್ಯುಯಲ್ ಹೇಳಿದ ಹೆಸರಿನಲ್ಲೇ ಫೈಲ್ ಹಾಕಿ, ಗುರುತು ಮಾಡಿದ ಯುಎಸ್‌ಬಿ ಕಿಂಡಿಗೇ ಸಿಕ್ಕಿಸಿ ಬಟನ್ ಒತ್ತಿ. ದೀಪ ಮಿನುಗುವುದು ನಿಲ್ಲುವವರೆಗೆ ಕೈ ಹಚ್ಚಬೇಡಿ.

ಇಷ್ಟಕ್ಕೂ ಬಗ್ಗದಿದ್ದರೆ ಬೋರ್ಡನ್ನು ಹೊರತೆಗೆದು ಅದರ ರಟ್ಟಿನ ಪೆಟ್ಟಿಗೆ ಮೇಲಿಟ್ಟು ಪ್ರೊಸೆಸರ್, ಕೂಲರ್, ಒಂದು ರ‍್ಯಾಮ್ ಇಷ್ಟರಲ್ಲೇ ಓಡಿಸಿ. ಪ್ರೊಸೆಸರ್ ಎಫ್ ಮಾದರಿಯದಾದರೆ ಕಾರ್ಡೂ ಬೇಕು. ಹೊರಗೆ ಓಡಿ ಕ್ಯಾಬಿನೆಟ್ ಒಳಗೆ ಓಡದಿದ್ದರೆ, ಬೋರ್ಡಿನ ತೂತಿಲ್ಲದ ಜಾಗದ ಕೆಳಗೆ ಹಿತ್ತಾಳೆಯ ಸ್ಟ್ಯಾಂಡ್‌ಆಫ್ ಒಂದು ಉಳಿದು ಶಾರ್ಟ್ ಮಾಡುತ್ತಿರುತ್ತದೆ. ಹೊರಗೂ ಓಡದಿದ್ದರೆ ಪ್ರೊಸೆಸರ್ ಎತ್ತಿ ಸಾಕೆಟ್ಟಿನ ಪಿನ್ನುಗಳನ್ನು ಬೆಳಕಿನಲ್ಲಿ ಓರೆಯಾಗಿ ನೋಡಿ. ಎಲ್ಲವೂ ಒಂದೇ ದಿಕ್ಕಿಗೆ ಹೊಳೆಯಬೇಕು. ಒಂದು ಮಾತ್ರ ಬೇರೆ ಕಡೆ ಹೊಳೆದರೆ ಅದು ಬಾಗಿದೆ ಅಂತ.

ಪ್ರಶ್ನೆ: 144 ಹರ್ಟ್ಸ್ ಮಾನಿಟರ್ ಕೊಂಡೆ, 60ಕ್ಕೂ ಇದಕ್ಕೂ ವ್ಯತ್ಯಾಸವೇ ಕಾಣುತ್ತಿಲ್ಲ.

ಉತ್ತರ: ವಿಂಡೋಸ್ ಅದನ್ನು 60ರಲ್ಲೇ ಓಡಿಸುತ್ತಿರಬೇಕು. ಡಿಸ್‌ಪ್ಲೇ ಸೆಟ್ಟಿಂಗ್ಸ್, ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋಗಿ ನೀವೇ 144 ಆರಿಸಬೇಕು. ಅಲ್ಲಿ 144 ಕಾಣದಿದ್ದರೆ ಕೇಬಲ್ ಬದಲಿಸಿ, ಡಿಸ್‌ಪ್ಲೇಪೋರ್ಟ್ ಬಳಸಿ. ಜೊತೆಗೆ ಕೇಬಲ್ ಎಲ್ಲಿಗೆ ಸಿಕ್ಕಿಸಿದ್ದೀರಿ ನೋಡಿ. ಯುಎಸ್‌ಬಿ ಕಿಂಡಿಗಳ ಸಾಲಿನಲ್ಲಿರುವುದು ಬೋರ್ಡಿನದು. ಅದರ ಕೆಳಗೆ, ಅಡ್ಡಲಾಗಿರುವ ಕಾರ್ಡಿನ ಕಿಂಡಿಗೆ ಸಿಕ್ಕಿಸಬೇಕು.

ಪ್ರಶ್ನೆ: ಬಾಟಲ್‌ನೆಕ್ (ಒಂದು ಭಾಗ ಇನ್ನೊಂದರ ವೇಗವನ್ನು ತಡೆಯುವುದು) ಲೆಕ್ಕ ಹಾಕುವ ಒಂದು ಸಾಧನದಲ್ಲಿ ನನ್ನ ಪ್ರೊಸೆಸರ್ ಮತ್ತು ಕಾರ್ಡ್ ಹಾಕಿದರೆ ಶೇ. 18 ಅಂತ ಬರುತ್ತದೆ. ಪ್ರೊಸೆಸರ್ ಬದಲಿಸಲೇ?

ಉತ್ತರ: ಆ ಅಂಕಿಯನ್ನು ನಂಬಿ ಒಂದು ಸ್ಕ್ರೂ ಕೂಡ ಬಿಚ್ಚಬೇಡಿ. ಯಾವ ಆಟ, ಯಾವ ರೆಸಲ್ಯೂಶನ್, ಯಾವ ಸೆಟ್ಟಿಂಗ್ ಅಂತ ತಿಳಿಯದೆ ಶೇಕಡಾ ಹೇಳಲು ಬರುವುದಿಲ್ಲ. ನಿಮ್ಮ ಆಟದಲ್ಲಿ ನೀವೇ ಐದು ನಿಮಿಷದಲ್ಲಿ ಪರೀಕ್ಷಿಸಿ. ಫ್ರೇಮ್ ಮಿತಿ ಮತ್ತು ವಿ-ಸಿಂಕ್ (ಫ್ರೇಮನ್ನು ಮಾನಿಟರ್ ವೇಗಕ್ಕೆ ಕಟ್ಟಿಹಾಕುವ ಸೆಟ್ಟಿಂಗ್) ತೆಗೆದು, ಒಂದೇ ಜಾಗದಲ್ಲಿ ನಿಂತು ಫ್ರೇಮ್ ಸಂಖ್ಯೆ ಬರೆದುಕೊಳ್ಳಿ. ಆಮೇಲೆ ರೆಸಲ್ಯೂಶನ್ ಇಳಿಸಿ ಅದೇ ಜಾಗದಲ್ಲಿ ನೋಡಿ. 70 ಇದ್ದದ್ದು 110 ಆದರೆ ತಡೆ ಕಾರ್ಡಿನದು. 70 ಇದ್ದದ್ದು 72ರಲ್ಲೇ ನಿಂತರೆ ಪ್ರೊಸೆಸರಿನದು ಅಥವಾ ರ‍್ಯಾಮಿನದು. ಆಡುವಾಗ ಕಾರ್ಡಿನ ಬಳಕೆ ಶೇ. 95ರ ಮೇಲಿದ್ದರೆ ಅದು ತನ್ನ ಪೂರ್ತಿ ಕೆಲಸ ಮಾಡುತ್ತಿದೆ ಎಂದರ್ಥ, ಗಾಬರಿಪಡುವಂಥದ್ದಲ್ಲ. ಪ್ರೊಸೆಸರಿನ ಒಟ್ಟು ಬಳಕೆ ಶೇ. 40 ಮಾತ್ರ ಅಂತ ಕಂಡು ಅದು ಖಾಲಿ ಕೂತಿದೆ ಅಂದುಕೊಳ್ಳಬೇಡಿ. ಆಟದ ಮುಖ್ಯ ಕೆಲಸ ಒಂದೆರಡು ಕೋರ್ ಮೇಲೆ ಬಿದ್ದು ಅವು ಪೂರ್ತಿ ದಣಿದಿರಬಹುದು, ಮಿಕ್ಕ ಕೋರುಗಳು ಸರಾಸರಿಯನ್ನು ಇಳಿಸಿರುತ್ತವೆ.

ಪ್ರಶ್ನೆ: ಪ್ರೊಸೆಸರ್ 95 ಡಿಗ್ರಿ ತೋರಿಸುತ್ತಿದೆ. ಲಿಕ್ವಿಡ್ ಕೂಲರ್ ಹಾಕಿಸಲೇ?

ಉತ್ತರ: ಮೊದಲು ಕೂಲರ್ ಬಿಚ್ಚಿ ಅದರ ತಳ ನೋಡಿ. ಪಾರದರ್ಶಕ ರಕ್ಷಣಾ ಹಾಳೆಯನ್ನು ಸುಲಿಯದೆ ಹಾಗೇ ಕೂರಿಸಿರುವುದು ತೀರಾ ಸಾಮಾನ್ಯ. ಪೇಸ್ಟ್ ಒರೆಸಿ, ಹೊಸದನ್ನು ಬಟಾಣಿ ಕಾಳಿನಷ್ಟು ನಡುವೆ ಇಟ್ಟು, ನಾಲ್ಕೂ ಸ್ಕ್ರೂಗಳನ್ನು ಎದುರು ಬದುರು ಮೂಲೆಯಿಂದ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಒಂದೇ ಕಡೆ ಪೂರ್ತಿ ಬಿಗಿ ಮಾಡಿದರೆ ತಳ ಓರೆಯಾಗಿ ಪೇಸ್ಟ್ ಒಂದು ಬದಿಗೆ ಸರಿಯುತ್ತದೆ. ರೈಜೆನ್ 7600ಎಕ್ಸ್, 7700ಎಕ್ಸ್‌ನಂಥವು ಭಾರದ ಕೆಲಸದಲ್ಲಿ 95ಕ್ಕೆ ಏರಿ ಅಲ್ಲೇ ನಿಲ್ಲುವಂತೆ ರೂಪಿಸಿದವು. ಆಟ ಆಡುವಾಗಲೂ 95 ಇದ್ದರೆ ಮಾತ್ರ ಏನೋ ತಪ್ಪಿದೆ.

65 ವ್ಯಾಟಿನ ಪ್ರೊಸೆಸರಿಗೆ, ಎಕ್ಸ್3ಡಿಗೂ ಕೂಡ, ನಾಲ್ಕು ಇಲ್ಲವೇ ಆರು ಹೀಟ್‌ಪೈಪಿನ ಟವರ್ ಕೂಲರ್ ಧಾರಾಳ. ಪಂಪ್ ಇಲ್ಲ, ನೀರಿಲ್ಲ, ಕೆಡುವುದು ಫ್ಯಾನ್ ಒಂದೇ. ಅದರ ಎತ್ತರ 155ರಿಂದ 165 ಮಿ.ಮೀ. ಇರುವುದರಿಂದ ಕ್ಯಾಬಿನೆಟ್ ಎಷ್ಟು ಎತ್ತರ ಹಿಡಿಸುತ್ತದೆ ಅಂತ ನೋಡಿಯೇ ಕೊಳ್ಳಿ. ಲಿಕ್ವಿಡ್ ಹಾಕಿದರೆ ಪಂಪ್ ಎಲ್ಲಕ್ಕಿಂತ ಎತ್ತರದ ಜಾಗವಾಗಬಾರದು. ಗಾಳಿಗುಳ್ಳೆ ಅಲ್ಲಿ ಸೇರಿ ಗುಳುಗುಳು ಸದ್ದು ಬರುತ್ತದೆ, ಪಂಪ್ ಬೇಗ ಸವೆಯುತ್ತದೆ. ರೇಡಿಯೇಟರನ್ನು ಮೇಲ್ಛಾವಣಿಗೆ ಕಟ್ಟುವುದು ಸುರಕ್ಷಿತ.

ಇಡೀ ಪಿಸಿ ಬಿಸಿಯಾಗುತ್ತಿದ್ದರೆ ಕ್ಯಾಬಿನೆಟ್ಟಿನ ಮುಂಬದಿ ನೋಡಿ. ಅದು ಗಾಜಿನ ಹಲಗೆಯಾದರೆ ಒಳಗೆ ಎಷ್ಟು ಫ್ಯಾನಿದ್ದರೂ ಉಸಿರುಗಟ್ಟಿದಂತೆಯೇ. ಮುಂದೆ ಜಾಲರಿ, ಒಳಕ್ಕೆ ಎಳೆಯುವ ಎರಡು 120 ಅಥವಾ 140 ಮಿ.ಮೀ. ಫ್ಯಾನ್, ಹಿಂದೆ ಹೊರದಬ್ಬುವ ಒಂದು, ಇಷ್ಟೇ ಸಾಕು.

ಪ್ರಶ್ನೆ: ಎಂ.2 ಎಸ್‌ಎಸ್‌ಡಿ ಹಾಕಿದ ಮೇಲೆ ಹಳೆಯ ಹಾರ್ಡ್ ಡಿಸ್ಕ್ ಕಾಣೆಯಾಗಿದೆ. ಜೆನ್ 5 ಎಸ್‌ಎಸ್‌ಡಿ ಕೊಂಡಿದ್ದರೆ ಹೀಗಾಗುತ್ತಿರಲಿಲ್ಲವೇ?

ಉತ್ತರ: ಎರಡಕ್ಕೂ ಸಂಬಂಧವಿಲ್ಲ. ಕೆಲವು ಬೋರ್ಡುಗಳಲ್ಲಿ ಎಂ.2 ಸ್ಲಾಟೊಂದು ಒಂದೆರಡು ಸಾಟಾ ಪೋರ್ಟುಗಳ (ಹಾರ್ಡ್ ಡಿಸ್ಕ್ ಸಿಕ್ಕಿಸುವ ಕಿಂಡಿ) ದಾರಿಯನ್ನೇ ಹಂಚಿಕೊಂಡಿರುತ್ತದೆ. ಅಲ್ಲಿ ಎಸ್‌ಎಸ್‌ಡಿ ಕೂತರೆ ಆ ಪೋರ್ಟುಗಳು ಸತ್ತಂತೆ. ಹಾರ್ಡ್ ಡಿಸ್ಕನ್ನು ಬೇರೆ ಸಾಟಾ ಪೋರ್ಟಿಗೆ ಬದಲಿಸಿ, ಕಾಣಿಸಿಕೊಳ್ಳುತ್ತದೆ.

ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ 550 ಎಂಬಿ ಓದಿದರೆ, ಜೆನ್ 3 (ಪಿಸಿಐಇ 3.0) ಎಂ.2 ಸುಮಾರು 3500, ಜೆನ್ 4 ಸುಮಾರು 7000, ಜೆನ್ 5 14,000ದವರೆಗೆ ಓದುತ್ತದೆ. ಆಟ ಲೋಡ್ ಆಗುವ ಹೊತ್ತಿನಲ್ಲಿ ಈ ಅಂಕಿಗಳ ಅಂತರ ಕಾಣುವುದಿಲ್ಲ, ಯಾಕೆಂದರೆ ಫೈಲ್ ಬಂದ ಮೇಲೆ ಪ್ರೊಸೆಸರ್ ಅದನ್ನು ಬಿಡಿಸಬೇಕು. ಜೆನ್ 4, ಟಿಎಲ್‌ಸಿ (ಒಂದು ಕೋಶದಲ್ಲಿ ಮೂರು ಬಿಟ್ ಹಿಡಿಸುವ) ಮೆಮೊರಿಯ 1 ಟಿಬಿ ಅಥವಾ 2 ಟಿಬಿ ಕೊಳ್ಳಿ. 1 ಟಿಬಿ ವಿಂಡೋಸ್‌ನಲ್ಲಿ 931 ಜಿಬಿ ಅಂತ ಕಾಣುವುದು ಮೋಸವಲ್ಲ, ಎಣಿಸುವ ಕ್ರಮ ಬೇರೆ.

ಪ್ರಶ್ನೆ: ಬಳಸಿದ ಗ್ರಾಫಿಕ್ಸ್ ಕಾರ್ಡ್ ಕೊಳ್ಳಬಹುದೇ? ಮೈನಿಂಗ್‌ಗೆ (ಕ್ರಿಪ್ಟೋ ಹಣ ಗಳಿಸಲು ಕಾರ್ಡ್ ದುಡಿಸುವುದು) ಬಳಸಿದ್ದು ಅಂತ ಪತ್ತೆ ಹಚ್ಚುವುದು ಹೇಗೆ?

ಉತ್ತರ: ಕೊಳ್ಳಬಹುದು, ಓಡಿಸಿ ನೋಡಲು ಬಿಟ್ಟರೆ ಮಾತ್ರ. ಇಥೀರಿಯಂ ಅನ್ನುವ ಕ್ರಿಪ್ಟೋ ಹಣ 2022ರ ಸೆಪ್ಟೆಂಬರ್‌ನಲ್ಲಿ ಮೈನಿಂಗ್ ಪದ್ಧತಿಯನ್ನೇ ಬಿಟ್ಟಿತು. ಅದಕ್ಕೂ ಮೊದಲಿನ ಆರ್‌ಟಿಎಕ್ಸ್ 30 ಮತ್ತು ಆರ್‌ಎಕ್ಸ್ 6000 ಸರಣಿಯ ಕಾರ್ಡಾದರೆ ಸಾಧ್ಯತೆ ಇದೆ ಅಂದುಕೊಂಡೇ ಪರೀಕ್ಷಿಸಿ. ಮೈನಿಂಗ್ ಮಾಡಿದ ಮಾತ್ರಕ್ಕೆ ಚಿಪ್ ಹಾಳಾಗಿರುವುದಿಲ್ಲ. ಸವೆಯುವುದು ಫ್ಯಾನಿನ ಬೇರಿಂಗ್, ಒಣಗುವುದು ಮೆಮೊರಿ ಮೇಲಿನ ಥರ್ಮಲ್ ಪ್ಯಾಡ್.

ಜಿಪಿಯು-ಝಡ್ ಅನ್ನುವ ತಂತ್ರಾಂಶ ತೆರೆದು ಮೆಮೊರಿ ಗಾತ್ರ, ಲೇನ್ ಸಂಖ್ಯೆ ಹೊಂದುತ್ತದೆಯೇ ನೋಡಿ. ಹಳೆಯ ಚಿಪ್ಪಿಗೆ ಹೊಸ ಹೆಸರಿನ ಬಯಾಸ್ ತುಂಬಿದ ನಕಲಿಗಳನ್ನು ಅದು ಎಷ್ಟೋ ಸಲ ಹಿಡಿದು ತೋರಿಸುತ್ತದೆ. ಆಮೇಲೆ ಭಾರದ ಆಟವೊಂದನ್ನು ಇಪ್ಪತ್ತು ನಿಮಿಷ ಆಡಿ. ಪರದೆಯಲ್ಲಿ ಬಣ್ಣದ ಚೌಕ, ಮಿನುಗುವ ಚುಕ್ಕೆ ಬಂದರೆ ಮೆಮೊರಿ ಹೋಗಿದೆ, ಎಷ್ಟು ಅಗ್ಗವಾದರೂ ಬೇಡ. ಬೇರೆ ಬೇರೆ ಫ್ಯಾನ್ ವೇಗದಲ್ಲಿ ಕಿವಿಗೊಟ್ಟು ಕೇಳಿ. ಕಿರ್ ಸದ್ದು ಬಂದರೆ ಫ್ಯಾನ್ ಬದಲಿಸಬೇಕು, ಅಷ್ಟು ಹಣ ಕಡಿಮೆ ಮಾಡಿಸಿ. ಜಿಡಿಡಿಆರ್6ಎಕ್ಸ್ ಇರುವ ಆರ್‌ಟಿಎಕ್ಸ್ 3080, 3090ಗಳಲ್ಲಿ ಮೆಮೊರಿಯ ಬಿಸಿ ಪ್ರತ್ಯೇಕವಾಗಿ ಕಾಣುತ್ತದೆ. 110ಕ್ಕೆ ಮುಟ್ಟಿದರೆ ಪ್ಯಾಡ್ ಒಣಗಿದೆ, ಪ್ಯಾಡ್ ಬದಲಿಸಿದರೆ ಸರಿಹೋಗುತ್ತದೆ.

ಪ್ರಶ್ನೆ: ಕರೆಂಟ್ ಹೋದಾಗ ಆಟ ಸೇವ್ ಮಾಡಿಕೊಳ್ಳುವಷ್ಟು ಹೊತ್ತು ಬೇಕು. 600 ವಿಎ ಯುಪಿಎಸ್ ಇದೆ, ಸಾಕೇ?

ಉತ್ತರ: ಸಾಲದು. 600 ವಿಎ ಅಂದರೆ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ. ಮೇಲೆ ಲೆಕ್ಕ ಹಾಕಿದ 400 ವ್ಯಾಟಿನ ಪಿಸಿಗೆ ಮಾನಿಟರ್ ಸೇರಿಸಿದರೆ ಆಟದ ನಡುವೆ ಓವರ್‌ಲೋಡ್ ಆಗಿ ಯುಪಿಎಸ್ಸೇ ಆಫ್ ಆಗುತ್ತದೆ. 1000 ವಿಎ, 600 ವ್ಯಾಟಿನದು ನೋಡಿ. ಹೊಸ ಎಸ್‌ಎಂಪಿಎಸ್‌ಗಳಲ್ಲಿ ಆಕ್ಟಿವ್ ಪಿಎಫ್‌ಸಿ (ಎಳೆಯುವ ವಿದ್ಯುತ್ತಿನ ಅಲೆಯನ್ನು ತಿದ್ದುವ ಸರ್ಕ್ಯೂಟ್) ಇರುವುದರಿಂದ ಮೆಟ್ಟಿಲು ಮೆಟ್ಟಿಲಾಗಿ ಬರುವ ಅಗ್ಗದ ಯುಪಿಎಸ್‌ನ ಅಲೆ ಕೆಲವಕ್ಕೆ ಒಗ್ಗುವುದಿಲ್ಲ, ಬ್ಯಾಟರಿಗೆ ಬದಲಾಗುವ ಕ್ಷಣದಲ್ಲಿ ಪಿಸಿ ರೀಸ್ಟಾರ್ಟ್ ಆಗುತ್ತದೆ. ಪ್ಯೂರ್ ಸೈನ್ ವೇವ್ ಅಂತ ಬರೆದಿರುವುದನ್ನೇ ಕೊಳ್ಳಿ. ಕರೆಂಟ್ ಹೋದ ಕೂಡಲೇ ಆಟವನ್ನು ತಡೆದು ನಿಲ್ಲಿಸಿ (ಪಾಜ್) ಮೆನುಗೆ ಬನ್ನಿ. ಫ್ರೇಮ್ ಮಿತಿ ಹಾಕಿದ್ದರೆ ಅಲ್ಲಿ ಕಾರ್ಡಿನ ಎಳೆತ ಇಳಿದು ಬ್ಯಾಟರಿ ಇನ್ನೂ ಕೆಲವು ನಿಮಿಷ ಬಾಳುತ್ತದೆ.